ಮನೆವಾರ್ತೆ: ಹಳೆಯ ಒಲೆಗೂಡಿನಲ್ಲಿ ಹೊಸ ಒಲೆ

ಗೃಹಕ್ಕೆ ಗೃಹಿಣಿಯು ದೀಪವೆಂದು ನಾವೆಲ್ಲರೂ ಹೇಳುತ್ತ ಬಂದಿರುವೆವು. ಆದರೆ ಆ ದೀಪವನ್ನು ನಿತ್ಯವೂ ಎರಡು ಹೊತ್ತು ಹೊಗೆಯಲ್ಲಿ ಕುಳ್ಳಿರಿಸುತ್ತಿರುವೆವೆಂಬುದನ್ನು ನೆನೆಯುವವರು ವಿರಳ. ಕಟ್ಟಿಗೆ, ಕುಳ್ಳು ಮೊದಲಾದವುಗಳ ಹೊಗೆಯಿಂದ ಕಲುಷಿತವಾದ ಮನೆಯೊಳಗಿನ ಗಾಳಿಯು 2020ರಲ್ಲಿ ಜಗತ್ತಿನಾದ್ಯಂತ ಸುಮಾರು 32 ಲಕ್ಷ ಜನರ ಅಕಾಲಮರಣಕ್ಕೆ ಕಾರಣವಾಯಿತೆಂದು ವಿಶ್ವ ಆರೋಗ್ಯ ಸಂಸ್ಥೆಯು ಲೆಕ್ಕ ಹಾಕಿದೆ. ಅವರಲ್ಲಿ ಐದು ವರ್ಷದೊಳಗಿನ ಶಿಶುಗಳೇ ಎರಡು ಲಕ್ಷಕ್ಕೂ ಮಿಗಿಲು. ಆದುದರಿಂದ ಈ ತಿಂಗಳು ಒಲೆಯ ವಿಷಯವನ್ನೇ ಎತ್ತಿಕೊಂಡಿರುವೆವು.

ನಿಪ್ಪಾಣಿ, ಚಿಕ್ಕೋಡಿಗಳ ಹಂಚಿನ ಮನೆಗಳಲ್ಲಾಗಲಿ, ಅಥಣಿ, ರಾಯಬಾಗ, ಕಾಗವಾಡಗಳ ಮಣ್ಣಿನ ಮಾಳಿಗೆಯ ಮನೆಗಳಲ್ಲಾಗಲಿ ಈಗ ಗ್ಯಾಸಿನ ಒಲೆ ಅಪರೂಪವಲ್ಲ. 2016ರಲ್ಲಿ ಆರಂಭವಾದ ಉಜ್ವಲಾ ಯೋಜನೆಯು ಅದನ್ನು ಬಡವರ ಮನೆಗೂ ಮುಟ್ಟಿಸಿತು. ಆದರೂ ಸ್ನಾನದ ನೀರಿಗೆ ಮತ್ತು ರೊಟ್ಟಿಗೆ ಕಟ್ಟಿಗೆಯ ಒಲೆಯನ್ನು ಬಿಡದವರು ಬಹಳ. ಜಾಲಿಯ ಕಟ್ಟಿಗೆ, ತೊಗರಿಯ ಕಡ್ಡಿ, ಹತ್ತಿಕಟ್ಟಿಗೆ, ಕುಳ್ಳು ಇವೆಲ್ಲ ಹೊಲಮನೆಗಳಲ್ಲಿಯೇ ದೊರೆಯುವಾಗ ಸಿಲಿಂಡರಿಗೆ ಹಣ ತೆರಲು ಯಾರ ಮನಸ್ಸೂ ಸುಲಭವಾಗಿ ಒಪ್ಪದು. ಕಟ್ಟಿಗೆಯು ಮನೆಯಲ್ಲಿ ಉಳಿಯುವುದಾದರೆ ಹೊಗೆಯನ್ನಾದರೂ ಹೊರಗೆ ಕಳುಹಬೇಕಲ್ಲವೇ?

ಈ ವಿಚಾರ ಹೊಸದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಹುಟ್ಟಿದ ‘ಅಸ್ತ್ರ’ ಎಂಬ ಗ್ರಾಮತಂತ್ರಜ್ಞಾನದ ಕೇಂದ್ರವು ಮೂರು ಪಾತ್ರೆಗಳನ್ನಿಡುವ, ಹೊಗೆಕೊಳವೆಯುಳ್ಳ ‘ಅಸ್ತ್ರ ಒಲೆ’ಯನ್ನು ರೂಪಿಸಿತು. ಭಾರತ ಸರಕಾರವು 1983ರಿಂದ 2002ರ ವರೆಗೆ ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮವನ್ನು ನಡೆಸಿತು. ಒಲೆಗಳು ಲಕ್ಷಾಂತರ ಕಟ್ಟಲ್ಪಟ್ಟವು. ಆದರೆ ಅನೇಕವು ಕೆಲವೇ ವರ್ಷಗಳಲ್ಲಿ ಮೂಲೆಗುಂಪಾದವು. ಹೀಗೇಕಾಯಿತೆಂಬುದನ್ನು ನಮ್ಮ ಮನೆಯ ಒಲೆಯೇ ನಮಗೆ ಕಲಿಸಿತು.

2019ರ ಆಗಸ್ಟಿನಲ್ಲಿ ಕೃಷ್ಣೆಯ ಮಹಾಪೂರವು ಈ ಸೀಮೆಯ ನದೀತೀರದ ಊರುಗಳನ್ನು ನುಗ್ಗಿದಾಗ ನಮ್ಮ ಮನೆಯ ಅಡಿಗೆಯ ಕೋಣೆಯಲ್ಲಿಯೂ ನೀರು ನಿಂತಿತು. ಗೋಡೆ ಉಳಿಯಿತು, ಅಜ್ಜಿಯ ಕಾಲದ ಕೋಡೊಲೆ ಕರಗಿ ಕೆಸರಾಯಿತು. ಅದರ ಮೇಲಿದ್ದ, ಎರಡು ಮೊಳ ಅಗಲದ ಹಳೆಯ ಹೊಗೆಗೂಡು ಮಾತ್ರ ಹಾಗೆಯೇ ಇತ್ತು. ಅದೇ ಗೂಡಿನಲ್ಲಿ ಹೊಗೆಯಿಲ್ಲದ ಒಲೆಯನ್ನು ಹೂಡೋಣವೆಂದು ನಾವು ಗೌಂಡಿಯನ್ನು ಕರೆಯಿಸಿದೆವು. ಆತನು ಒಲೆಯನ್ನು ಚೆನ್ನಾಗಿಯೇ ಕಟ್ಟಿದನು; ಆದರೆ ಅದರ ಕೊಳವೆಯನ್ನು ಗೂಡಿನೊಳಗೆ ಒಂದು ಮೊಳ ಮಾತ್ರ ಏರಿಸಿ, ‘ಮೇಲೆ ಗೂಡು ಇದ್ದೇ ಇದೆ’ ಎಂದು ನಿಲ್ಲಿಸಿಬಿಟ್ಟನು. ಮೂರನೆಯ ದಿನ ಹೊಗೆಯೆಲ್ಲ ತಿರುಗಿ ಕೋಣೆಗೇ ಬಂದಿತು. ನಮ್ಮ ಅತ್ತಿಗೆಯವರು ಹಿತ್ತಲಲ್ಲಿ ಮೂರು ಕಲ್ಲು ಹೂಡಿ ಅಡಿಗೆ ಮಾಡತೊಡಗಿದರು.

ಕಾರಣವು ಸರಳವಾದುದು. ಬಿಸಿಯಾದ ಗಾಳಿ ಹಗುರ. ಅದು ಮೇಲಕ್ಕೇರುತ್ತ ಒಲೆಯ ಬಾಯಿಂದ ಹೊಸ ಗಾಳಿಯನ್ನು ಎಳೆಯುವುದು. ಈ ಸೆಳೆತವು ಕೊಳವೆಯ ಎತ್ತರವನ್ನೂ ಹೊಗೆಯ ಬಿಸಿಯನ್ನೂ ಅವಲಂಬಿಸಿದೆ. ಕಿರಿದಾದ ಕೊಳವೆಯಿಂದ ಅಗಲವಾದ ಗೂಡಿಗೆ ಬಿದ್ದ ಹೊಗೆಯು ಹರಡಿ, ತಣ್ಣಗಾಗಿ, ನಿಧಾನವಾಗಿ, ಮಸಿಯನ್ನು ಅಲ್ಲಿಯೇ ಬಿಡುವುದು. ಮೇಲಿನ ಗಾಳಿಯೂ ಗೂಡಿನೊಳಗಿಂದ ಕೆಳಕ್ಕೆ ನುಗ್ಗುವುದು. ಆದುದರಿಂದ ಹಳೆಯ ಗೂಡು ಕೊಳವೆಗೆ ಕವಚವಾಗಬಹುದೇ ಹೊರತು ತಾನೇ ಕೊಳವೆಯಾಗಲಾರದು.

ಎರಡನೆಯ ಸಲ ನಾವು ಮಾಡಿದುದು ಹೀಗೆ. 4 ಅಂಗುಲ ವ್ಯಾಸದ ಕೊಳವೆಯನ್ನು ಗೂಡಿನ ನಡುವೆ ನೆಟ್ಟಗೆ ಏರಿಸಿ, ಮಾಳಿಗೆಯಿಂದ 3 ಅಡಿ ಮೇಲೆ ಹೋಗುವಂತೆ ಮಾಡಿ, ತುದಿಗೆ ಮಳೆ ಬೀಳದಂತೆ ಟೊಪ್ಪಿಗೆಯಿಟ್ಟೆವು. ತೊಲೆ ಜಂತಿಗಳನ್ನು ಕೊಳವೆಯು ಎಲ್ಲಿಯೂ ಮುಟ್ಟದಂತೆ ಒಂದು ಗೇಣು ಅಂತರ ಬಿಟ್ಟೆವು. ಮಾಳಿಗೆಯನ್ನು ಹಾಯುವೆಡೆಯಲ್ಲಿ ಸುತ್ತಲೂ ತಗಡು ಮಣ್ಣುಗಳಿಂದ ಮುಚ್ಚಿದೆವು. ಕಬ್ಬಿನ ರವದಿಯ ಚಪ್ಪರವೋ ಕಣಿಕೆಯ ಬಣಿವೆಯೋ ಸಮೀಪದಲ್ಲಿದ್ದರೆ ಅದನ್ನು ಮೊದಲು ದೂರ ಸರಿಸತಕ್ಕದ್ದು, ಕಿಡಿಗೆ ನೆಂಟತನವಿಲ್ಲ. ಆಸ್ಬೆಸ್ಟಾಸಿನ ಕೊಳವೆ ಅಗ್ಗವೆಂದು ಕೆಲವರು ಹೇಳಿದರು. ಅದರ ಧೂಳು ಶ್ವಾಸಕೋಶಕ್ಕೆ ವಿಷವಾದುದರಿಂದ ನಾವು ಒಪ್ಪಲಿಲ್ಲ. ಒಲೆಗೆ ಸಿಮೆಂಟು ಬಳಸಲಿಲ್ಲ, ಬೆಂಕಿಗೆ ಅದು ಬಿರಿಯುವುದು. ಮಣ್ಣು, ಶೆಗಣಿ, ಹೊಟ್ಟು ಕಲಸಿ ಕಟ್ಟಿ, ವಾರವೊಂದು ನೆರಳಿನಲ್ಲಿ ಒಣಗಲು ಬಿಟ್ಟೆವು.

ಆದರೆ ಮುಖ್ಯ ಮಾತು ಇನ್ನೂ ಉಳಿದಿತ್ತು. ಒಲೆಯನ್ನು ನೋಡಿ ಅತ್ತಿಗೆಯವರು, ‘ಹೊಗಿ ಹೋತು ಖರೆ, ರೊಟ್ಟಿ ಎಲ್ಲೆ ಸುಡ್ಲಿ?’ ಎಂದರು. ನಾವು ಉತ್ತರ ಕಾಣದೆ ನಿಂತೆವು. ಜೋಳದ ರೊಟ್ಟಿಯು ಹಂಚಿನ ಮೇಲೆ ಅರ್ಧ ಬೆಂದು, ಒಲೆಯ ಬಾಯ ಕೆಂಡದೆದುರು ನಿಂತು ಉಬ್ಬಬೇಕು. ಮುಚ್ಚಿದ ಒಲೆಯಲ್ಲಿ ಆ ಕೆಂಡಕ್ಕೆ ಎಡೆಯೇ ಇಲ್ಲ. ಅನ್ನ ಸಾರುಗಳನ್ನಷ್ಟೇ ಎಣಿಸಿ ಕಟ್ಟಿದ ಒಲೆಯು ರೊಟ್ಟಿಯ ನಾಡಿನಲ್ಲಿ ಹೇಗೆ ಬಾಳೀತು? ಕಡೆಗೆ ಅವರೇ ಹೇಳಿದಂತೆ ಬಾಯ ಮುಂದೆ ಒಂದು ಗೇಣಿನ ಕಟ್ಟೆ ಕಟ್ಟಿ, ಕೆಂಡವನ್ನು ಎಳೆದುಕೊಳ್ಳಲು ಅನುಕೂಲ ಮಾಡಿದೆವು. ಗೂಡಿನ ತಳವನ್ನು ತಗಡಿನಿಂದ ಮುಚ್ಚಿ, ಆ ಕಟ್ಟೆಯ ನೇರಕ್ಕೆ ಒಂದು ಸಣ್ಣ ಕದವನ್ನಿಟ್ಟೆವು. ರೊಟ್ಟಿ ಸುಡುವಾಗ ಅದನ್ನು ತೆರೆದರೆ ಕೆಂಡದ ಬಿಸಿಗಾಳಿಯೂ ಮೇಲೆಯೇ ಹೋಗುವುದು. ಅಂದಿನಿಂದ ಹಿತ್ತಲಿನ ಮೂರು ಕಲ್ಲುಗಳು ತಣ್ಣಗಾಗಿವೆ.

ಒಲೆ ಸರಿಯಾಗಿ ಎಳೆಯುವುದೇ ಇಲ್ಲವೇ ಎಂದು ತಿಳಿಯಲು ಉರಿಯುವ ಕಾಗದದ ಚೂರನ್ನು ಬಾಯಿಯ ಬಳಿ ಹಿಡಿಯಿರಿ; ಜ್ವಾಲೆಯು ಒಳಕ್ಕೆ ಬಾಗಿದರೆ ಕೊಳವೆ ತೆರವಾಗಿದೆ, ಹೊರಕ್ಕೆ ಬಾಗಿದರೆ ಮಸಿ ಕಟ್ಟಿದೆ. ತಿಂಗಳಿಗೊಮ್ಮೆಯಾದರೂ ಉದ್ದನೆಯ ಬಿದಿರಿಗೆ ಚಿಂದಿ ಸುತ್ತಿ ಕೊಳವೆಯನ್ನು ತಿಕ್ಕತಕ್ಕದ್ದು. ಕಿಟಕಿಯನ್ನು ತೆರೆದೇ ಇಡಬೇಕು. ಗ್ಯಾಸಿನ ಸಿಲಿಂಡರನ್ನು ಈ ಒಲೆಯ ಕೋಣೆಯಲ್ಲಿ ಎಂದಿಗೂ ಇಡಬೇಡಿರಿ. ಸೋರಿದ ಅನಿಲವು ಗಾಳಿಗಿಂತ ಭಾರವಾದುದರಿಂದ ನೆಲದ ಮೇಲೆಯೇ ಹರಿದು ಬೆಂಕಿಯನ್ನು ಸೇರುವುದು.

ಒಡಿಶಾದಲ್ಲಿ ಸುಧಾರಿತ ಒಲೆಗಳನ್ನು ಕೊಟ್ಟ ಮನೆಗಳನ್ನು ವಿದ್ವಾಂಸರು ಕೆಲವು ವರ್ಷ ಪರೀಕ್ಷಿಸಿದಾಗ, ಮೊದಲ ವರ್ಷ ಕಡಿಮೆಯಾದ ಹೊಗೆಯ ಬಾಧೆಯು ಅನಂತರ ಮತ್ತೆ ಹಿಂದಿನಂತೆಯೇ ಆದುದು ಕಂಡುಬಂದಿತು. ಒಲೆಗಳನ್ನು ಸರಿಯಾಗಿ ಬಳಸದೆ, ದುರಸ್ತಿಮಾಡದೆ ಬಿಟ್ಟುದೇ ಅದಕ್ಕೆ ಕಾರಣ. ಒಲೆಯನ್ನು ಹೂಡುವುದು ಒಂದು ದಿನದ ಕೆಲಸ, ಅದನ್ನು ಉಳಿಸಿಕೊಳ್ಳುವುದು ನಿತ್ಯದ ಕೆಲಸ.

ಆ ನಿತ್ಯದ ಕೆಲಸವನ್ನೂ ಗೃಹಿಣಿಯ ತಲೆಗೇ ಕಟ್ಟುವುದು ನ್ಯಾಯವಲ್ಲ. ಮಾಳಿಗೆ ಹತ್ತಿ ಮಸಿ ತೆಗೆಯುವುದನ್ನು ನಮ್ಮ ಮನೆಯಲ್ಲಿ ಗಂಡಸರು ವಹಿಸಿಕೊಂಡಿರುವರು. ಪ್ರತಿ ಅಮವಾಸ್ಯೆಯ ದಿನ ಆ ಕೆಲಸ. ಒಲೆಯನ್ನು ಕಟ್ಟಿಸುವ ಮುನ್ನ ಅಡಿಗೆ ಮಾಡುವವರ ಮಾತನ್ನು ಕೇಳುವುದು, ಕಟ್ಟಿಸಿದ ಮೇಲೆ ಕೊಳವೆಯ ಮಸಿಗೆ ಉಳಿದವರು ಕೈ ಹಾಕುವುದು—ಇವೆರಡು ಇಲ್ಲದೆ ಎಂಥ ಉತ್ತಮ ಒಲೆಯೂ ಮೂಲೆ ಸೇರುವುದೆಂಬುದು ನಮ್ಮ ಅನುಭವ.