ನಕ್ಷತ್ರಾಮೆಯ ಮರಿಗೆ ತಕ್ಕ ತೋಟ

ಮುಂಗಾರು ಮಳೆ ಬಿದ್ದು ಬದುಗಳ ಮೇಲೆ ಎಳೆಹುಲ್ಲು ಚಿಗುರಿದೊಡನೆ, ಕೋಲಾರ, ಚಿಕ್ಕಬಳ್ಳಾಪುರ ಮೊದಲಾದ ಒಣಸೀಮೆಯ ಹೊಲತೋಟಗಳಲ್ಲಿ ನಕ್ಷತ್ರಾಮೆಗಳು ಪೊದೆಗಳಿಂದ ಹೊರಬಂದು ಸಂಚರಿಸುವುದು ರೈತರಿಗೆ ತಿಳಿದ ಸಂಗತಿಯೇ ಆಗಿದೆ. ಕಪ್ಪು ಚಿಪ್ಪಿನ ಮೇಲೆ ಹಳದಿ ಗೆರೆಗಳು ನಕ್ಷತ್ರದ ಕಿರಣಗಳಂತೆ ಹರಡಿರುವುದರಿಂದ ಈ ಪ್ರಾಣಿಗೆ ಈ ಹೆಸರು ಬಂದಿದೆ. ಮೊಟ್ಟೆಯೊಡೆದು ಬಂದ ಮರಿಯು ಅಂಗೈಯಲ್ಲಿ ಅಡಗುವಷ್ಟು ಸಣ್ಣದು. ಅದನ್ನು ಕಂಡ ಮಕ್ಕಳು ಮನೆಗೆ ತರುವುದೂ, ಹಿರಿಯರು ಅದನ್ನು ಶುಭಪ್ರದವೆಂದು ಭಾವಿಸಿ ಹಿತ್ತಲಿನಲ್ಲಿ ಸಾಕುವುದೂ ಹಲವೆಡೆ ನಡೆದುಬಂದಿದೆ. ಮರಿಯು ತೋಟದಲ್ಲಿ ನಿರ್ಭಯವಾಗಿ ಅಡ್ಡಾಡಲೆಂಬ ಅಪೇಕ್ಷೆ ಒಳ್ಳೆಯದೇ. ಆದರೆ ಅದಕ್ಕೆ ತಕ್ಕ ತೋಟವು ಹೊಲದ ಬದುವೇ ಹೊರತು ಮನೆಯ ಹಿತ್ತಲಲ್ಲವೆಂಬುದನ್ನು ಭೂಮಾಲೀಕರು ಮನಗಾಣತಕ್ಕದ್ದು.

ಸಾಕುವವರ ಪರವಾಗಿಯೂ ಒಂದು ಮಾತುಂಟು. ಬಯಲಿನಲ್ಲಿ ಕಾಗೆ, ಮುಂಗುಸಿ, ನಾಯಿಗಳ ಬಾಯಿಗೆ ಬೀಳಬಹುದಾದ ಮರಿಯು ಮನೆಯಲ್ಲಾದರೂ ಬದುಕಲಿ ಎಂದು ಅವರು ಹೇಳುವರು. ಮೇಲ್ನೋಟಕ್ಕೆ ಇದು ದಯೆಯ ಮಾತೇ ಸರಿ; ಪರಿಣಾಮವಾದರೋ ಬೇರೆಯಾಗಿರುವುದು. ಎಳೆಯ ಮರಿಯ ಚಿಪ್ಪು ಮೆತ್ತಗಿರುತ್ತದೆ. ಅದು ಗಟ್ಟಿಯಾಗಲು ಆಹಾರದಲ್ಲಿ ಸುಣ್ಣದ ಅಂಶವೂ, ಮೈಮೇಲೆ ನೇರವಾಗಿ ಬೀಳುವ ಬಿಸಿಲೂ ಬೇಕು. ಬಿಸಿಲಿಲ್ಲದಿದ್ದರೆ ದೇಹದಲ್ಲಿ ಡಿ ಜೀವಸತ್ವವು ಉಂಟಾಗದು. ಆ ಸತ್ವವಿಲ್ಲದಿದ್ದರೆ ತಿಂದ ಸುಣ್ಣವು ಎಲುಬಿಗೂ ಚಿಪ್ಪಿಗೂ ಸೇರದು. ಬುಟ್ಟಿಯಲ್ಲಿಯೋ ಪೆಟ್ಟಿಗೆಯಲ್ಲಿಯೋ ಇರಿಸಿ, ಅನ್ನವನ್ನೂ ಸೌತೆಕಾಯಿಯನ್ನೂ ಹಾಕಿ ಸಾಕಿದ ಮರಿಯ ಚಿಪ್ಪು ವಿಕಾರಗೊಂಡು, ಕಾಲುಗಳು ಬಲಗುಂದುತ್ತವೆ. ಇದು ನೆಲದ ಆಮೆಯೆಂಬುದನ್ನು ಅರಿಯದೆ ನೀರಿನ ತೊಟ್ಟಿಗೆ ಬಿಟ್ಟರೆ ಮುಳುಗಿ ಸಾಯುತ್ತದೆ. ಬದುವಿನ ಮೇಲಾದರೆ ಬೆಳಗಿನ ಎಳೆಬಿಸಿಲು, ಮಧ್ಯಾಹ್ನಕ್ಕೆ ಪೊದೆಯ ನೆರಳು, ಬಗೆಬಗೆಯ ಹುಲ್ಲು ಸೊಪ್ಪು, ಉದುರಿದ ಹೂವು ಹಣ್ಣು ಇವೆಲ್ಲವೂ ಯಾರ ಶ್ರಮವೂ ಇಲ್ಲದೆ ಒಂದೇ ಕಡೆ ದೊರೆಯುವುವು.

ಕಾನೂನಿನ ವಿಧಿಯೂ ಹೀಗೆಯೇ ಇದೆ. 1972ರ ವನ್ಯಜೀವಿ ಸಂರಕ್ಷಣಾ ಅಧಿನಿಯಮಕ್ಕೆ 2022ರಲ್ಲಿ ಆದ ತಿದ್ದುಪಡಿಯ ಮೇರೆಗೆ ನಕ್ಷತ್ರಾಮೆಯು ಮೊದಲನೆಯ ಅನುಸೂಚಿಯಲ್ಲಿ ಸೇರಿದೆ. ಇದನ್ನು ಹಿಡಿಯುವುದೂ, ಸಾಕುವುದೂ, ಮಾರುವುದೂ ಸೆರೆಮನೆವಾಸಕ್ಕೆ ಗುರಿಮಾಡುವ ಅಪರಾಧಗಳು. ವನ್ಯಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಅಂತರರಾಷ್ಟ್ರೀಯ ಒಪ್ಪಂದದಲ್ಲಿಯೂ 2019ರಲ್ಲಿ ಇದಕ್ಕೆ ಅತ್ಯುಚ್ಚ ರಕ್ಷಣೆಯನ್ನು ಕೊಡಲಾಯಿತು. ಇಷ್ಟು ಕಟ್ಟುಪಾಡುಗಳು ಅವಶ್ಯವಾದುದಕ್ಕೆ ಕಾರಣವು ಕಳ್ಳಸಾಗಣೆ. ಸಿಂಗಪುರವನ್ನು ಸೇರಿದ್ದ 51 ನಕ್ಷತ್ರಾಮೆಗಳನ್ನು 2018ರಲ್ಲಿ ಕರ್ನಾಟಕಕ್ಕೆ ಮರಳಿ ತರಬೇಕಾಯಿತು. ಹಳ್ಳಿಯ ಹುಡುಗನು ವಿನೋದಕ್ಕಾಗಿ ಎತ್ತಿ ತಂದ ಮರಿಯು ದಲ್ಲಾಳಿಯ ಚೀಲವನ್ನು ಸೇರಲು ಬಹಳ ಕಾಲ ಬೇಕಾಗದು.

ಹೆಣ್ಣಾಮೆಯು ನೆಲದಲ್ಲಿ ಗುಳಿ ತೋಡಿ ಒಮ್ಮೆಗೆ ಇಡುವ ಮೊಟ್ಟೆಗಳು ಕೆಲವೇ. ಅವು ಮರಿಯಾಗಲು ತಿಂಗಳುಗಳೂ, ಮರಿಯು ಬೆಳೆದು ಮೊಟ್ಟೆಯಿಡಲು ವರ್ಷಗಳೂ ಹಿಡಿಯುವುವು. ಆದುದರಿಂದ ಒಂದೊಂದು ಮರಿಯ ನಷ್ಟವೂ ದೊಡ್ಡದೇ. ಅದನ್ನು ತಪ್ಪಿಸುವ ಉಪಾಯಗಳಿಗೆ ಹೆಚ್ಚಿನ ವೆಚ್ಚವೇನೂ ಬೇಕಿಲ್ಲ. ಬದುಗಳ ಮೇಲಿನ ಪೊದೆಗಳನ್ನು ಬೋಳಿಸದೆ ಅಲ್ಲಲ್ಲಿ ಉಳಿಸತಕ್ಕದ್ದು. ಒಣಹುಲ್ಲಿಗೂ ಕೂಳೆಗೂ ಬೆಂಕಿಯಿಡಬಾರದು. ಬದುವಿಗೆ ಕಳೆನಾಶಕವನ್ನು ಸಿಂಪಡಿಸಬಾರದು. ತೆರೆದ ಬಾವಿಗೆ ಕಟ್ಟೆಯನ್ನು ಕಟ್ಟಿಸತಕ್ಕದ್ದು. ಇದು ದನಕರುಗಳಿಗೂ ಮಕ್ಕಳಿಗೂ ಕ್ಷೇಮಕರ. ಪ್ಲಾಸ್ಟಿಕ್ ಹಾಸಿನ ಕೃಷಿಹೊಂಡದ ಸುತ್ತ ಗೇಣೆತ್ತರದ ಕಲ್ಲಿನ ಸಾಲನ್ನಿಟ್ಟರೆ ಮರಿಯು ಜಾರಿ ಬೀಳದು. ತಂತಿಬಲೆಯ ಬೇಲಿಯಿದ್ದಲ್ಲಿ ನೆಲಮಟ್ಟದಲ್ಲಿ ಆಮೆ ನುಸುಳುವಷ್ಟು ಸಂದುಗಳನ್ನು ಬಿಡತಕ್ಕದ್ದು. ಉಳುವ ಸಾಲಿಗೆ ಅಡ್ಡಬಂದ ಮರಿಯನ್ನು ಮೆಲ್ಲನೆತ್ತಿ ಅದೇ ಹೊಲದ ಬದುವಿನ ಪೊದೆಯ ನೆರಳಿಗೆ ಬಿಟ್ಟರೆ ಸಾಕು, ದೂರ ಒಯ್ಯಬಾರದು. ಬೆನ್ನಡಿಯಾಗಿ ಬಿಸಿಲಿನಲ್ಲಿ ಬಿದ್ದಿರುವುದನ್ನು ಕಂಡರೆ ಕೂಡಲೆ ನೆಟ್ಟಗೆ ಮಾಡತಕ್ಕದ್ದು.

ಈಗಾಗಲೇ ಮನೆಯಲ್ಲಿರುವ ಆಮೆಯನ್ನು ಅಂಜಿಕೆಯಿಂದ ಕಂಡಲ್ಲಿ ಬಿಟ್ಟುಬರುವುದೂ ಹಿತವಲ್ಲ. ಸಾಕಿದ ಪ್ರಾಣಿಯ ರೋಗವು ಬಯಲಿನ ಆಮೆಗಳಿಗೆ ಅಂಟಬಹುದು. ಅಂಥದನ್ನು ಅರಣ್ಯ ಇಲಾಖೆಯ ವಶಕ್ಕೆ ಒಪ್ಪಿಸುವುದೇ ಸರಿಯಾದ ಮಾರ್ಗ.

ಈ ವಿಷಯದಲ್ಲಿ ಗ್ರಾಮದ ಮುಖ್ಯಸ್ಥರ ಹೊಣೆ ದೊಡ್ಡದು. ಹೊರಗಿನವರು ಬಂದು ಆಮೆಗೆ ಬೆಲೆ ಕಟ್ಟಿದರೆ ಅದು ಮೊದಲು ತಿಳಿಯುವುದು ಊರಿನ ಹಿರಿಯರಿಗೇ. ಅವರು ಮುಂಗಾರಿಗೆ ಮುಂಚೆ ಗ್ರಾಮಸಭೆಯಲ್ಲಿಯೂ ಶಾಲೆಯಲ್ಲಿಯೂ ಈ ಮಾತನ್ನು ತಿಳಿಯಹೇಳುವುದು ಒಳ್ಳೆಯದು. ಹೊಲದಲ್ಲಿ ಓಡಾಡುವ ಮರಿಯನ್ನು ಮಕ್ಕಳು ದೂರದಿಂದ ನೋಡಿ ಆನಂದಿಸುವುದಕ್ಕೆ ಯಾವ ಅಡ್ಡಿಯೂ ಇಲ್ಲ. ಬದುವನ್ನು ಕ್ಷೇಮವಾಗಿಟ್ಟ ರೈತನ ಹೊಲದಲ್ಲಿ ಅದು ಬರುವ ವರ್ಷದ ಮಳೆಗೂ ಕಾಣಿಸಿಕೊಳ್ಳಬಹುದು.