ಅಂಕಪಟ್ಟಿಯ ಆಚೆಗಿನ ಕವಿತೆ

ಕಾವ್ಯಕ್ಕೆ ಅಂಕ ಕೊಡುವುದನ್ನು ನಾವು ಮೊದಲು ಕಂಡದ್ದು ಕಚೇರಿಯಲ್ಲಿ. ಕೇಂದ್ರ ಸರ್ಕಾರದ ನೌಕರಿಯಲ್ಲಿರುವವರಿಗೆ ಸೆಪ್ಟೆಂಬರ್ ಎಂದರೆ ಹಿಂದಿ ಪಖವಾಡ: ಕಾವ್ಯಪಠಣ ಸ್ಪರ್ಧೆ, ತೀರ್ಪುಗಾರರು, ನಗದು ಬಹುಮಾನ. ವರ್ಷವೆಲ್ಲ ಕಡತದ ಭಾಷೆಯಲ್ಲಿ ಬದುಕುವ ಸಹೋದ್ಯೋಗಿಗಳು ಅಂದು ವೀರರಸದಲ್ಲಿ ಗುಡುಗುತ್ತಾರೆ. ನಾವು ಚಪ್ಪಾಳೆ ತಟ್ಟಿ, ಚಹಾ ಕುಡಿದು, ಮೇಜಿಗೆ ಮರಳುತ್ತೇವೆ. ಹಾಗಾಗಿ ಅಮೆರಿಕದ ‘ಪೊಯಟ್ರಿ ಸ್ಲ್ಯಾಮ್’ ಬಗ್ಗೆ ಕೇಳಿದಾಗ ನಮ್ಮಲ್ಲಿ ಹುಟ್ಟಿದ್ದು ಕುತೂಹಲವಲ್ಲ, ಅನುಮಾನ.

ಎಂಬತ್ತರ ದಶಕದಲ್ಲಿ ಷಿಕಾಗೋದಲ್ಲಿ ಕಟ್ಟಡ ಕೆಲಸದ ಮಾರ್ಕ್ ಸ್ಮಿತ್ ಎಂಬಾತ ಮದ್ಯದಂಗಡಿಯೊಂದರಲ್ಲಿ ಆರಂಭಿಸಿದ ಆಟ ಅದು. ಕವಿಗೆ ಮೂರು ನಿಮಿಷ. ಸಭಿಕರಿಂದಲೇ ಆರಿಸಿದ ಐವರು ತೀರ್ಪುಗಾರರು ಹತ್ತರವರೆಗೆ ಅಂಕ ಕೊಡುತ್ತಾರೆ. ಅತಿ ಹೆಚ್ಚಿನದನ್ನೂ ಅತಿ ಕಡಿಮೆಯದನ್ನೂ ಬಿಟ್ಟು ಉಳಿದ ಮೂರನ್ನು ಕೂಡುತ್ತಾರೆ. ವಿಮರ್ಶಕ ಹೆರಾಲ್ಡ್ ಬ್ಲೂಮ್ ಇದನ್ನು ಕಲೆಯ ಸಾವು ಎಂದೇ ಬಗೆದರು. ಇಂಗ್ಲಿಷ್ ಎಂ.ಎ. ತರಗತಿಯಲ್ಲಿ ಕವಿತೆಯೆಂದರೆ ಪುಟದ ಮೇಲಿನ ವಸ್ತುವೆಂದೇ ಕಲಿತ ನಮಗೂ ಬ್ಲೂಮ್ ಅವರ ಪಕ್ಷವೇ ಹಿತವಾಗಿತ್ತು.

ಆ ಹಿತವನ್ನು ಕೆಡಿಸಿದ್ದು ಕ್ಲಿಂಟ್ ಸ್ಮಿತ್ ಅವರ ವೃತ್ತಿಜೀವನ. ನ್ಯೂ ಆರ್ಲಿಯನ್ಸ್ ನಗರದ ಕರಿಯ ಕುಟುಂಬವೊಂದರಲ್ಲಿ ಹುಟ್ಟಿದವರು. ಪ್ರೌಢಶಾಲೆಯ ಕೊನೆಯ ವರ್ಷ ಆರಂಭವಾಗುವ ಹೊತ್ತಿಗೆ, 2005ರಲ್ಲಿ, ಕತ್ರಿನಾ ಚಂಡಮಾರುತ ಅವರನ್ನು ಊರು ಬಿಡಿಸಿ ಹ್ಯೂಸ್ಟನ್‌ಗೆ ಅಟ್ಟಿತು. ಕಾಲೇಜಿನಲ್ಲಿ ಇಂಗ್ಲಿಷ್ ಓದಿ, ವಾಷಿಂಗ್ಟನ್‌ಗೆ ಹೊಂದಿಕೊಂಡಂತಿರುವ ಮೇರಿಲ್ಯಾಂಡ್‌ನ ಪ್ರಿನ್ಸ್ ಜಾರ್ಜಸ್ ಕೌಂಟಿಯಲ್ಲಿ ಪ್ರೌಢಶಾಲಾ ಇಂಗ್ಲಿಷ್ ಮೇಷ್ಟ್ರಾದರು. 2013ರಲ್ಲಿ ಆ ರಾಜ್ಯದ ಮಾನವಿಕ ಮಂಡಳಿಯಿಂದ ವರ್ಷದ ಶಿಕ್ಷಕ ಎಂಬ ಗೌರವ. ಮರುವರ್ಷ ರಾಷ್ಟ್ರೀಯ ಸ್ಲ್ಯಾಮ್ ಗೆದ್ದ ವಾಷಿಂಗ್ಟನ್ ತಂಡದ ಸದಸ್ಯ. ಹಗಲು ತರಗತಿ, ಸಂಜೆ ವೇದಿಕೆ.

ನಮ್ಮನ್ನು ಹಿಡಿದು ನಿಲ್ಲಿಸಿದ್ದು ಗೆಲುವಲ್ಲ, ಮೌನದ ಬಗ್ಗೆ ಅವರು 2014ರಲ್ಲಿ ಮಾಡಿದ ನಾಲ್ಕೈದು ನಿಮಿಷದ ಭಾಷಣ. ಈಸ್ಟರ್‌ಗೆ ಮುಂಚಿನ ವ್ರತದ ದಿನಗಳಲ್ಲಿ ಒಂದು ವರ್ಷ ಅವರು ಮಾತನ್ನೇ ತೊರೆದರಂತೆ. ಆಗ ಅವರಿಗೆ ಅರಿವಾದದ್ದು: ತಮ್ಮ ದನಿಯನ್ನು ತಾವು ಎಷ್ಟೋ ಹಿಂದೆಯೇ ತೊರೆದಾಗಿತ್ತು; ಹೇಳಬೇಕಾದ ಕಡೆ ಹೇಳದೆ, ಎದುರಿನವರಿಗೆ ಬೇಕಾದ್ದನ್ನೇ ಹೇಳುತ್ತ ಬಂದಿದ್ದರು. ಅವರ ತರಗತಿಯ ಗೋಡೆಯ ಮೇಲೆ ನಾಲ್ಕು ನಿಯಮಗಳಿದ್ದವು. ವಿಮರ್ಶೆಯಿಂದ ಓದುವುದು, ಎಚ್ಚರದಿಂದ ಬರೆಯುವುದು, ಸ್ಪಷ್ಟವಾಗಿ ಮಾತಾಡುವುದು ಎಂಬ ಮೂರು ಯಾವ ಪಠ್ಯಕ್ರಮದಲ್ಲಾದರೂ ಸಿಕ್ಕಾವು. ನಾಲ್ಕನೆಯದು, ನಿನ್ನ ನಿಜವನ್ನು ಹೇಳು ಎಂಬುದು. ಇದನ್ನು ಮಕ್ಕಳಿಂದ ಕೇಳುವ ಮೇಷ್ಟ್ರು ಮೊದಲು ತನ್ನ ನಿಜವನ್ನು ಅವರೆದುರು ಹೇಳಬೇಕಾಗುತ್ತದೆ. ತಾನು ಸೋತ, ಹೆದರಿ ಬಾಯಿ ಮುಚ್ಚಿಕೊಂಡ ಪ್ರಸಂಗಗಳನ್ನೂ ಸೇರಿಸಿ. ಅವರ ವೇದಿಕೆಯ ಕವಿತೆಗೆ ಬಲ ಬಂದದ್ದು ಈ ಕರಾರಿನಿಂದ, ಅಂಕಪಟ್ಟಿಯಿಂದಲ್ಲ ಎಂಬುದು ನಮ್ಮ ಎಣಿಕೆ.

ಮುಂದಿನದನ್ನು ಜನ ಏಣಿಯಂತೆ ಓದುತ್ತಾರೆ: 2016ರಲ್ಲಿ ‘ಕೌಂಟಿಂಗ್ ಡಿಸೆಂಟ್’ ಸಂಕಲನ, ಹಾರ್ವರ್ಡ್‌ನಲ್ಲಿ ಶಿಕ್ಷಣಶಾಸ್ತ್ರದ ಡಾಕ್ಟರೇಟ್, 2021ರಲ್ಲಿ ‘ಹೌ ದ ವರ್ಡ್ ಈಸ್ ಪಾಸ್ಡ್’. ಮಾತಿನ ಕವಿ ಕೊನೆಗೂ ‘ನಿಜವಾದ’ ಲೇಖಕನಾದ ಎಂಬ ಧಾಟಿ. ನಮಗೆ ಹಾಗೆ ಕಾಣುವುದಿಲ್ಲ. ಸಂಶೋಧನೆಯ ವರ್ಷಗಳಲ್ಲೂ ಅವರು ಸೆರೆಮನೆಗಳಿಗೆ ಹೋಗಿ ಪಾಠ ಮಾಡುತ್ತಿದ್ದರು. 2021ರ ಪುಸ್ತಕದ ಹೆಸರಿನಲ್ಲೇ ಮಾತು ಬಾಯಿಂದ ಬಾಯಿಗೆ ಸಾಗುವ ಸಂಗತಿಯಿದೆ. ಜೆಫರ್ಸನ್ ಅವರ ಮಾಂಟಿಚೆಲ್ಲೊ, ಲೂಯಿಸಿಯಾನಾದ ಅಂಗೋಲಾ ಸೆರೆಮನೆ, ಸೆನೆಗಲ್‌ನ ಗೋರೆ ದ್ವೀಪ, ಹೀಗೆ ಗುಲಾಮಗಿರಿಯ ನೆನಪು ಉಳಿದ ತಾಣಗಳಿಗೆ ಹೋಗಿ, ಅಲ್ಲಿನ ಮಾರ್ಗದರ್ಶಿಗಳು ಏನು ಹೇಳುತ್ತಾರೆ, ಏನನ್ನು ನುಂಗುತ್ತಾರೆ ಎಂದು ಕಿವಿಗೊಟ್ಟು ಕೂತ ಪುಸ್ತಕ. ಕಡೆಗೆ ಬಂದು ನಿಲ್ಲುವುದು ತನ್ನದೇ ಅಜ್ಜ ಅಜ್ಜಿಯರ ಮಾತಿನಲ್ಲಿ. ಮಕ್ಕಳ ಮಾತಿಗೆ ಕಾದು ಅಭ್ಯಾಸವಾದ ಮೇಷ್ಟ್ರ ಕಿವಿ ಅದು.

ಒಂದು ಆಕ್ಷೇಪ ಉಳಿಯುತ್ತದೆ, ಅದನ್ನು ಮುಚ್ಚಿಡಲಾರೆವು. ಅವರು ಈಗ ಶಾಲೆಯಲ್ಲಿಲ್ಲ. ಶಿಕ್ಷಕರ ಘನತೆಯನ್ನು ಕವಿತೆ ಮಾಡಿ ಹೆಸರಾದ ಟೇಲರ್ ಮಾಲಿಯೂ ತರಗತಿ ಬಿಟ್ಟು ವೇದಿಕೆಗೆ ಬಂದವರೇ. ಒಳ್ಳೆಯ ಮೇಷ್ಟ್ರನ್ನು ಚಪ್ಪಾಳೆ ಶಾಲೆಯಿಂದ ಹೊರಗೆಳೆಯುತ್ತದೆ. ಆ ಖಾಲಿ ಕುರ್ಚಿಗೆ ಯಾರು ಬಂದರೆಂದು ಯಾರೂ ವಿಚಾರಿಸುವುದಿಲ್ಲ.

ಕನ್ನಡಕ್ಕೆ ಇದು ಹೊಸದಲ್ಲವೆಂದು ನೀವೆನ್ನಬಹುದು. ಅಕ್ಷರ ಬಾರದ ಮನೆಗಳಿಗೂ ಕುಮಾರವ್ಯಾಸ ಹೋದದ್ದು ಗಮಕಿಗಳ ಕಂಠದಿಂದ. 1929ರ ಬೆಳಗಾವಿ ಸಮ್ಮೇಳನವನ್ನು ತಮ್ಮ ವಾಚನದಿಂದ ಸೆರೆಹಿಡಿದ ಬೇಂದ್ರೆಯವರೂ ಮೇಷ್ಟ್ರೇ. ಹನ್ನೆರಡು ವರ್ಷ ಸೊಲ್ಲಾಪುರದ ಕಾಲೇಜಿನಲ್ಲಿ, ಎಂದರೆ ನಮ್ಮಂತೆ ಹೊರನಾಡಿನಲ್ಲಿ, ಪಾಠ ಹೇಳಿದವರು. ಎಲ್ಲ ಸರಿಯೆ. ಆದರೆ ದೆಹಲಿಯಲ್ಲಿ ಬೆಳೆಯುತ್ತಿರುವ ನಮ್ಮ ಮಕ್ಕಳಿಗೆ ಆ ಪರಂಪರೆಯಿಂದ ನಾವು ಉಳಿಸಿಕೊಟ್ಟಿರುವುದು ರಾಜ್ಯೋತ್ಸವದ ಕಂಠಪಾಠ ಸ್ಪರ್ಧೆಯೊಂದನ್ನೇ. ದೇವನಾಗರಿಯಲ್ಲಿ ಬರೆದುಕೊಂಡು ಉರು ಹೊಡೆದ ಪದ್ಯ. ಅರ್ಥ ಕೇಳಿದರೆ ಮಗು ಅಮ್ಮನ ಮುಖ ನೋಡುತ್ತದೆ.

ಒಮ್ಮೆ ಹನ್ನೆರಡರ ಹುಡುಗಿಯೊಬ್ಬಳು ಮೂರನೆಯ ಸಾಲಿನಲ್ಲಿ ಪದ್ಯ ಮರೆತಳು. ಅಳಲಿಲ್ಲ, ಇಳಿಯಲೂ ಇಲ್ಲ. ಹಾಸನದ ಅಜ್ಜಿ ಫೋನಿನಲ್ಲಿ ಆಡುವ ಮಾತು ತನಗೆ ಅರ್ಧ ತಿಳಿಯುವುದಿಲ್ಲ, ಆದರೂ ಹೂಂಗುಟ್ಟುತ್ತೇನೆ, ಇಲ್ಲದಿದ್ದರೆ ಅಜ್ಜಿ ಬೇಗ ಫೋನು ಇಟ್ಟುಬಿಡುತ್ತಾಳೆ ಎಂದು ತನ್ನ ಹಿಂದಿ ಬೆರೆತ ಕನ್ನಡದಲ್ಲಿ ಹೇಳಿದಳು. ಸಭೆ ಒಂದು ಗಳಿಗೆ ಉಸಿರು ಹಿಡಿಯಿತು. ತೀರ್ಪುಗಾರರು ಪಠ್ಯ ಬಿಟ್ಟದ್ದಕ್ಕೂ ಅನ್ಯಭಾಷಾ ಪದಗಳಿಗೂ ಅಂಕ ಕಳೆದರು. ಆ ಪೈಕಿ ನಾವೂ ಒಬ್ಬರು. ಹತ್ತಕ್ಕೆ ಮೂರು ಎಂದು ನಮ್ಮದೇ ಕೈಯಿಂದ ಬರೆದೆವು. ಮರುವರ್ಷ ಅವಳು ಬರಲಿಲ್ಲ. ಪರೀಕ್ಷೆಯಿದೆಯೆಂದು ತಾಯಿ ಹೇಳಿದರು.

ಈ ನವೆಂಬರಿನಲ್ಲಿ ಸ್ಪರ್ಧೆ ಮುಗಿದ ಮೇಲೆ ಅರ್ಧ ಗಂಟೆ ಬಿಡಿಸಿಕೊಡಿ ಎಂದು ಬಳಗದ ಕಾರ್ಯದರ್ಶಿಗಳನ್ನು ಕೇಳಿದ್ದೇವೆ. ತಲಾ ಮೂರು ನಿಮಿಷ, ಅವರವರ ಕನ್ನಡ, ಅಂಕವಿಲ್ಲ. ಮೊದಲು ಮಾತಾಡಬೇಕಾದವರು ಹಿರಿಯರು. ನಮ್ಮ ಸರದಿಗೆಂದು, ಹತ್ತಕ್ಕೆ ಮೂರು ಕೊಟ್ಟ ಆ ಸಂಜೆಯ ಬಗ್ಗೆ ಬರೆಯತೊಡಗಿದ್ದೇವೆ. ಇನ್ನೂ ಒಂದು ನಿಮಿಷದಷ್ಟೂ ಆಗಿಲ್ಲ. ಆ ಹುಡುಗಿಯ ಮನೆಗೆ ಈ ಸಲ ಆಮಂತ್ರಣವನ್ನು ನಾವೇ ಒಯ್ಯುತ್ತೇವೆ.