ಅಜ್ಜಿಗೂ ಪುಳ್ಳಿಗೂ ನಡುವೆ ದುಭಾಷಿ ಯಾಕೆ?

ಬೇಸಿಗೆ ರಜೆ ಬಂತೆಂದರೆ ನಮ್ಮ ಕಾಸರಗೋಡಿನ ಮನೆಗಳಿಗೆ ಮೊಮ್ಮಕ್ಕಳು ಬರುತ್ತಾರೆ. ಬೆಂಗಳೂರಿನಿಂದ, ಕೊಚ್ಚಿಯಿಂದ, ದುಬೈಯಿಂದ. ಅಜ್ಜಿ ಹಲಸಿನ ಹಪ್ಪಳ ಮಾಡಿ, ಒಣಗಿಸಿ, ಡಬ್ಬಿ ತುಂಬಿಸಿ ಕಾದಿರುತ್ತಾರೆ. ಪುಳ್ಳಿ ಬಂದು ಕಾಲು ಮುಟ್ಟಿ ನಮಸ್ಕರಿಸುತ್ತದೆ. ಆಮೇಲೆ? ಅಜ್ಜಿ ಏನೋ ಕೇಳುತ್ತಾರೆ. ಮಗು ಅಮ್ಮನ ಮುಖ ನೋಡುತ್ತದೆ. ಅಮ್ಮ ಅದನ್ನು ಇಂಗ್ಲಿಷಿಗೆ ತಿರುಗಿಸುತ್ತಾಳೆ. ಮಗು ಇಂಗ್ಲಿಷಿನಲ್ಲಿ ಹೇಳಿದ್ದನ್ನು ಅಮ್ಮ ಪುನಃ ಅಜ್ಜಿಗೆ ತಿಳಿಸುತ್ತಾಳೆ. ಮೂರು ಸಲ ಹೀಗಾದ ಮೇಲೆ ಅಜ್ಜಿ ಅಡುಗೆ ಕೋಣೆಗೆ, ಮಗು ಮೊಬೈಲಿಗೆ.

ಇದನ್ನು ನಾವು ಒಂದೇ ಮನೆಯಲ್ಲಿ ಕಂಡದ್ದಲ್ಲ. ಕೇಳಿದರೆ ಎಲ್ಲರದ್ದೂ ಒಂದೇ ಉತ್ತರ: "ಪ್ರೀತಿಗೆ ಭಾಷೆ ಯಾಕೆ ಮಾಷ್ಟ್ರೇ?"

ತೊಟ್ಟಿಲ ಮಗುವಿಗೆ ಬೇಡ, ಒಪ್ಪೋಣ. ಎಂಟು ವರ್ಷದ ಮಗುವಿಗೆ ಬೇಡವೇ? ಆ ಪ್ರಾಯದಲ್ಲಿ ಮಗುವಿಗೆ ಹೆದರಿಕೆ ಇರುತ್ತದೆ, ಸುಳ್ಳು ಇರುತ್ತದೆ, ಅಪ್ಪನಿಗೆ ಹೇಳಲಾಗದ ತಪ್ಪು ಇರುತ್ತದೆ. ಹಿಂದೆ ಅದನ್ನೆಲ್ಲ ಅಜ್ಜಿಯ ಸೆರಗು ಹಿಡಿದು ಹೇಳುತ್ತಿದ್ದೆವು. "ಅಪ್ಪನಿಗೆ ಹೇಳಬೇಡಿ ಅಜ್ಜೀ" ಎನ್ನುತ್ತಿದ್ದೆವು. ಈಗ ನಡುವೆ ದುಭಾಷಿಯಾಗಿ ನಿಂತವರೇ ಅಪ್ಪ, ಅಮ್ಮ. ಅವರ ಬಾಯಿಂದಲೇ ದಾಟಬೇಕಾದ ಗುಟ್ಟು ಗುಟ್ಟಾಗಿ ಉಳಿಯುವುದು ಹೇಗೆ? ಮಾತು ಹೋದ ಮನೆಯಲ್ಲಿ ಪ್ರೀತಿ ಇರುವುದಿಲ್ಲವೆಂದು ನಾವು ಹೇಳುವುದಿಲ್ಲ. ಇರುತ್ತದೆ; ಹಪ್ಪಳದ ಡಬ್ಬಿಯಷ್ಟಕ್ಕೇ ಇರುತ್ತದೆ.

ನಮ್ಮನ್ನು ತಪ್ಪು ತಿಳಿಯಬೇಡಿ. ಎಲ್ಲರೂ ಮನೆಯಲ್ಲಿ ಪುಸ್ತಕದ ಕನ್ನಡ ಮಾತಾಡಿ ಎನ್ನುತ್ತಿಲ್ಲ. ನಮ್ಮ ಜಿಲ್ಲೆಯಲ್ಲಿ ತುಳು, ಹವ್ಯಕ, ಕೊಂಕಣಿ, ಮರಾಟಿ, ಬ್ಯಾರಿ, ಮಲಯಾಳ ಎಲ್ಲವೂ ಮನೆಮಾತೇ. ಅಜ್ಜಿ ತುಳುವಿನಲ್ಲಿ ಕರೆದರೆ ಮಗು ತುಳುವಿನಲ್ಲೇ ಓಗೊಡಲಿ. ಆದರೆ ಈ ಮನೆಗಳಲ್ಲಿ ಬಹಳ ಮಂದಿ ಹಿರಿಯರು ಓದಿದ್ದು, ಬರೆದದ್ದು ಕನ್ನಡದಲ್ಲಿ. ಅಜ್ಜನ ಕಪಾಟಿನ ಯಕ್ಷಗಾನ ಪ್ರಸಂಗ ಪುಸ್ತಕ, ಅಡಕೆಯ ಲೆಕ್ಕ, ಹಳೆಯ ಕಾಗದ ಎಲ್ಲ ಕನ್ನಡವೇ. 1956ರ ನವೆಂಬರ್ 1ರಂದು ಊರು ಕೇರಳಕ್ಕೆ ಸೇರಿದ ನೋವನ್ನೂ, 1967ರ ಮಹಾಜನ ವರದಿ ಬಂದಾಗಿನ ಆಸೆಯನ್ನೂ ಅವರು ಬರೆದಿಟ್ಟಿದ್ದರೆ ಅದೂ ಕನ್ನಡದಲ್ಲೇ ಇರುತ್ತದೆ. ಅದನ್ನು ಓದಲಾರದ ಮೊಮ್ಮಗನಿಗೆ ಅಜ್ಜ ಅರ್ಧ ಮಾತ್ರ ಸಿಕ್ಕಿದಂತೆ.

ತಕ್ಷಣ ಸರಕಾರದ ಕಡೆ ಬೆರಳು ತೋರಿಸುವವರಿದ್ದಾರೆ. 2017ರಲ್ಲಿ ಕೇರಳ ಸರಕಾರ ಮಲಯಾಳ ಕಲಿಕೆಯನ್ನು ಕಡ್ಡಾಯ ಮಾಡುವ ಕಾನೂನು ತಂದಾಗ ಇಲ್ಲಿಯ ಕನ್ನಡಿಗರು ವಿರೋಧಿಸಿದರು; ಅದು ಸರಿಯಾದ ವಿರೋಧವೇ. ಆದರೆ ಅಜ್ಜಿಯ ಎದುರು ಇಂಗ್ಲಿಷಿನಲ್ಲೇ ಮಾತಾಡಬೇಕೆಂದು ಯಾವ ಸರಕಾರ ಆದೇಶ ಹೊರಡಿಸಿದೆ, ಹೇಳಿ? ಆ ಆದೇಶ ಹೊರಟದ್ದು ನಮ್ಮ ನಮ್ಮ ಮನೆಗಳಿಂದ.

ನಮ್ಮ ಮನೆಯಿಂದಲೂ. ಕನ್ನಡ ಶಾಲೆಯಲ್ಲಿ ಸಂಬಳ ತೆಗೆದುಕೊಂಡು ನಾವು ಮಗನನ್ನು ಇಂಗ್ಲಿಷ್ ಮಾಧ್ಯಮಕ್ಕೆ ಹಾಕಿದೆವು. ತಂದೆಯವರಿಗೆ ಕಣ್ಣು ಮಂಜಾದಾಗ ಒಂದು ದಿನ ಮೊಮ್ಮಗನನ್ನು ಕರೆದು, "ಪೇಪರಿನಲ್ಲಿ ಏನುಂಟು ಓದು ಮಗಾ" ಎಂದರು. ಹುಡುಗ ಪೇಪರು ಹಿಡಿದು ಸುಮ್ಮನೆ ನಿಂತ. ತಂದೆಯವರು ಅವನನ್ನು ಗದರಲಿಲ್ಲ, ನಮ್ಮ ಮುಖ ನೋಡಿದರು. ಊರ ಮಕ್ಕಳಿಗೆಲ್ಲ ಅಕ್ಷರ ಕಲಿಸಿದ ನಮಗೆ ಆ ದಿನ ಊಟ ಸೇರಲಿಲ್ಲ. ಅಂದಿನಿಂದ ಅವನಿಗೆ ಕನ್ನಡ ಕಲಿಸಿದೆವು. ಅವನು ತಡವರಿಸಿ ಓದುವುದು, ಅಜ್ಜ ಮಲಗಿದಲ್ಲಿಂದಲೇ ಒತ್ತಕ್ಷರ ತಿದ್ದುವುದು ದಿನದ ಕ್ರಮವಾಯಿತು. ತಿದ್ದುತ್ತಾ ತಿದ್ದುತ್ತಾ ಕಥೆಗಳು ಹೊರಬಂದವು, ನಮಗೇ ಗೊತ್ತಿಲ್ಲದ ಕಥೆಗಳು. ತಂದೆಯವರು ತೀರಿಕೊಂಡಾಗ ಹೆಚ್ಚು ಅತ್ತವನು ಅವನೇ.

2007ರಲ್ಲಿ ಕೇಂದ್ರ ಸರಕಾರ ಹೆತ್ತವರ ಮತ್ತು ಹಿರಿಯ ನಾಗರಿಕರ ಪಾಲನೆಗೆಂದು ಕಾನೂನು ಮಾಡಿತು. ಅದರಲ್ಲಿ 'ಮಕ್ಕಳು' ಎಂಬ ಮಾತಿಗೆ ಪ್ರಾಯಕ್ಕೆ ಬಂದ ಮೊಮ್ಮಕ್ಕಳೂ ಸೇರುತ್ತಾರೆ. ಅಂದರೆ ಮೊಮ್ಮಗನಿಂದ ಅಜ್ಜಿಗೆ ಊಟ, ಬಟ್ಟೆ, ಔಷಧಿಯ ಖರ್ಚು ಕೊಡಿಸಲು ಕಾನೂನು ಉಂಟು. ಹತ್ತು ನಿಮಿಷ ಮಾತಾಡಿಸಲು? ಅದಕ್ಕೆ ಯಾವ ಟ್ರಿಬ್ಯೂನಲಿಗೆ ಹೋಗುವುದು?

ದೂರದ ನ್ಯೂಜಿಲೆಂಡಿನ ಮಾವೊರಿ ಜನರಿಗೂ ಇದೇ ಕಷ್ಟ ಬಂದಿತ್ತು. ನಡುವಿನ ತಲೆಮಾರು ಇಂಗ್ಲಿಷಿಗೆ ಹೋಗಿ, ಭಾಷೆ ಹೆಚ್ಚಾಗಿ ಹಿರಿಯರ ಬಾಯಲ್ಲಷ್ಟೇ ಉಳಿದಿತ್ತು. 1982ರಲ್ಲಿ ಅವರು 'ಕೊಹಾಂಗ ರಿಯೊ', ಅಂದರೆ ಭಾಷೆಯ ಗೂಡು, ಎಂಬ ಶಿಶುಶಾಲೆಗಳನ್ನು ತೆರೆದರು. ಅಲ್ಲಿ ಅಜ್ಜ ಅಜ್ಜಿಯರು ಬಂದು ಪುಟ್ಟ ಮಕ್ಕಳೊಡನೆ ಮಾವೊರಿಯಲ್ಲೇ ಮಾತಾಡಿದರು. ಅವರು ಗೂಡನ್ನು ಹೊಸದಾಗಿ ಕಟ್ಟಬೇಕಾಯಿತು. ನಮ್ಮಲ್ಲಿ ಜಗಲಿಯೇ ಗೂಡು. ಅಜ್ಜಿಯೂ ಅಲ್ಲೇ ಇದ್ದಾರೆ. ಮಗುವನ್ನು ಕೂರಿಸುವ ಮನಸ್ಸು ಮಾತ್ರ ಇಲ್ಲ.

ಹಾಗಾದರೆ ಮಾಡಬೇಕಾದದ್ದೇನು? ರಜೆಯಲ್ಲಿ ಎರಡು ವಾರ ಮಕ್ಕಳನ್ನು ಅಜ್ಜಿಯ ಹತ್ತಿರ ಬಿಟ್ಟು ನೀವು ಹಿಂದೆ ಹೋಗಿ. ದುಭಾಷಿ ಇಲ್ಲದಿದ್ದರೆ ಮಗು ತಾನೇ ಮಾತು ಹುಡುಕುತ್ತದೆ. ಫೋನ್ ಮಾಡಿದಾಗ ಪಕ್ಕದಲ್ಲಿ ನಿಂತು ಹೇಳಿಕೊಡಬೇಡಿ. "ಊಟ ಆಯಿತಾ", "ಹ್ಞೂಂ" ಎಂಬಲ್ಲಿಗೆ ಮುಗಿಸಲೂ ಬೇಡಿ. ಇವತ್ತು ಶಾಲೆಯಲ್ಲಿ ಯಾರೊಡನೆ ಜಗಳವಾಯಿತೆಂದು ಮಗು ಹೇಳಲಿ, ಅಜ್ಜಿ ಒಂದು ಒಗಟು ಕೇಳಲಿ. ಅಜ್ಜ ಅಜ್ಜಿಯರಿಗೂ ಒಂದು ಮಾತು: ಮೊಮ್ಮಗುವನ್ನು ಮೆಚ್ಚಿಸಲು "ಕಮ್, ಸಿಟ್" ಎನ್ನಬೇಡಿ. ಆ ಇಂಗ್ಲಿಷ್ ಕಲಿಸಲು ಬೇರೆ ಜನ ಇದ್ದಾರೆ. ನಿಮ್ಮ ಮಾತನ್ನು ಕಲಿಸಲು ನೀವು ಮಾತ್ರ.

ಊರನ್ನು ಗಡಿಯ ಆಚೆ ಹಾಕಿದವರ ಮೇಲೆ ನಾವು ಇನ್ನೂ ಸಿಟ್ಟು ಮಾಡುತ್ತೇವೆ. ಮಾಡೋಣ, ತಪ್ಪಲ್ಲ. ಆದರೆ ಅಜ್ಜಿಯ ಮತ್ತು ಪುಳ್ಳಿಯ ನಡುವೆ ಗಡಿ ಎಳೆದವರು ಯಾರು? ಈ ರಜೆಗೆ ಊರಿಗೆ ಬರುವ ಮೊದಲು ಇದಕ್ಕೊಂದು ಉತ್ತರ ಹುಡುಕಿಕೊಂಡು ಬನ್ನಿ. ಏನಂತೀರಿ?